ಮೂಲೆಮನೆ ದೊಡ್ಡವ್ವ ಉಳಿಯದ ರಾತ್ರಿ

ಮೊನ್ನೆ ಮಧ್ಯಾಹ್ನ ಪಕ್ಕದ ಮನೆಯವರು ಒಗ್ಗರಣೆ ಹಾಕಿದರು. ಸಾಸಿವೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಶ್ರೀರಂಗಪಟ್ಟಣದ ಈ ಬಾಡಿಗೆ ಮನೆಯಲ್ಲಿ ನನ್ನ ಅಡುಗೆಮನೆ ಕಿಟಕಿಗೂ ಅವರ ಕಿಟಕಿಗೂ ನಡುವೆ ಕೈ ಚಾಚುವಷ್ಟೇ ಜಾಗ, ಘಾಟು ನೇರ ನನ್ನ ಮೂಗಿಗೇ ಬಂತು. ಆಗಷ್ಟೇ ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಊರದೇವತೆ ಅಮ್ಮನ ಹಬ್ಬದ ಸುದ್ದಿ ಓದುತ್ತಿದ್ದೆ. ಮಂಗಳವಾರ ಸಾರು ಹಾಕುತ್ತಾರಂತೆ. ಸೀನಿದೆ, ಕಣ್ಣಲ್ಲಿ ನೀರು ಬಂತು. ಒಗ್ಗರಣೆಯ ನೆಪದಲ್ಲಿ ಇನ್ನೂ ಸ್ವಲ್ಪ ಅತ್ತೆ. ನಮ್ಮ ಮೂಲೆಮನೆ ದೊಡ್ಡವ್ವ ನೆನಪಾಗಿದ್ದಳು...

ಬೇಸಿಗೆ ಬಂತೆಂದರೆ ನಮ್ಮ ಕಡೆ ಯಾರಿಗೂ ಪುರುಸೊತ್ತಿಲ್ಲ. ಕೆ.ಆರ್.ಪೇಟೆಯಲ್ಲಿ ಮದುವೆ, ಅದರ ಬೆನ್ನಿಗೇ ಬೀಗರೂಟ, ನಾಗಮಂಗಲದ ಕಡೆ ನಾಟಕ, ಪಾಂಡವಪುರದ ಸರ್ಕಲ್ಲಿನಲ್ಲಿ ಎದುರಿಗೆ ಬರುವ ಬಸ್ಸೇ ಕಾಣದಷ್ಟು ಫ್ಲೆಕ್ಸು. ಇವೆಲ್ಲದರ ನಡುವೆ ನಮ್ಮೂರ ಹಬ್ಬ. ಹಬ್ಬಕ್ಕೆ ವಾರದ ಮುಂಚೆ ತಮಟೆ ಹೊಡೆದು ಊರಿಗೆಲ್ಲ ಸಾರುತ್ತಿದ್ದರು. ಸಾರು ಹಾಕುವುದು ಎಂದರೆ ಅದೇ. ಅಲ್ಲಿಂದ ಹಬ್ಬ ಮುಗಿಯುವವರೆಗೆ ಯಾವ ಮನೆಯಲ್ಲೂ ಒಗ್ಗರಣೆ ಹಾಕುವಂತಿಲ್ಲ. ಊರಿನವರು ಯಾರೂ ಎಲ್ಲೆಯಾಚೆ ರಾತ್ರಿ ಮಲಗುವಂತಿಲ್ಲ. ಹಗಲು ಎಲ್ಲಿಗಾದರೂ ಹೋಗಿ, ಕತ್ತಲಾಗುವುದರೊಳಗೆ ಬಂದುಬಿಡಬೇಕು. ಊರೊಳಗೆ ಹೆರಿಗೆಯಾದರೆ ಪುರುಡಿನ ಮೈಲಿಗೆಯಾಗಿ ಹಬ್ಬ ನಿಲ್ಲುತ್ತದೆಂದು ತುಂಬು ಬಸುರಿಯರನ್ನು ಮೊದಲೇ ನೆಂಟರ ಮನೆಗೆ ಕಳಿಸುತ್ತಿದ್ದರು. ಕಟ್ಟಳೆ ತಪ್ಪಿದರೆ ಅಮ್ಮ ಮುನಿಯುತ್ತಾಳೆ, ಮಕ್ಕಳ ಮೈಮೇಲೆ ಗುಳ್ಳೆಯಾಗಿ ಏಳುತ್ತಾಳೆ ಎಂಬ ಭಯ.

ಈ ಕಟ್ಟಳೆಗೆ ನಮ್ಮ ಬೀದಿಯಲ್ಲಿ ಮೂಲೆಮನೆ ದೊಡ್ಡವ್ವನೇ ಪೊಲೀಸು, ಅವಳೇ ಕೋರ್ಟು. ನಮಗೆ ರಕ್ತಸಂಬಂಧವೇನಲ್ಲ. ಗಂಡ ಬೇಗ ತೀರಿಕೊಂಡಿದ್ದ. ಎರಡು ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಒಬ್ಬಳೇ ಮಗಳನ್ನು ಬೆಳೆಸಿದ್ದಳು. ಸಾರು ಹಾಕಿದ ಮೇಲೆ ದಿನಾ ಅಡುಗೆಯ ಹೊತ್ತಿಗೆ ಬೀದಿಯ ನಡುವೆ ನಿಂತು ಮೂಗೆತ್ತುವಳು. "ಯಾವಳೇ ಅದು ಸಾಸ್ವೆ ಸಿಡಿಸ್ದೋಳು? ನಾಲ್ಗೆ ಒಂದ್ವಾರ ತಡ್ಕಳಕ್ಕಾಗಲ್ವಾ?" ನಮ್ಮಪ್ಪ ಪಾಂಡವಪುರದ ಹೋಟೆಲಿನಲ್ಲಿ ಗಡದ್ದಾಗಿ ತಿಂದು, ಬಾಯಿ ತೊಳೆದು, ಏನೂ ಗೊತ್ತಿಲ್ಲದವನ ಹಾಗೆ ಬರುತ್ತಿದ್ದ. ಅವನ ಅಂಗಿಯ ವಾಸನೆಯಲ್ಲೇ ಹಿಡಿಯುತ್ತಿದ್ದಳು. ಬೈಸಿಕೊಂಡವರೂ ನಗುತ್ತಿದ್ದರು. ಅವಳ ಬಾಯಿ ಜೋರು, ಆದರೆ ತನಗೊಂದು ಪರರಿಗೊಂದು ಎನ್ನುವವಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಒಂದು ಬೇಸಿಗೆ ಸಾರು ಹಾಕಿದ ಮೇಲೆ ಹೊಸಹೊಳಲಿನಲ್ಲಿ ನಮ್ಮ ತಾತ, ಅಂದರೆ ಅವ್ವನ ಅಪ್ಪ, ಹಾಸಿಗೆ ಹಿಡಿದ. ಇಂಥ ಕಷ್ಟಕ್ಕೆ ದಾರಿಯೇ ಇಲ್ಲವೆಂದಲ್ಲ. ಪೂಜಾರಪ್ಪನ ಹತ್ತಿರ ಹೋಗಿ, ಅರಿಶಿನದ ಬಟ್ಟೆಯಲ್ಲಿ ಮುಡುಪು ಕಟ್ಟಿ, ಅಮ್ಮನ ಅಪ್ಪಣೆ ಪಡೆದರೆ ಹೊರಗೆ ಮಲಗಬಹುದಿತ್ತು. ಅವ್ವ ಗುಡಿಗೆ ಹೊರಟವಳನ್ನು ದೊಡ್ಡವ್ವ ದಾರಿಯಲ್ಲೇ ತಡೆದಳು.

"ಒಬ್ರಿಗೆ ಬುಟ್ರೆ ನಾಳೆ ಊರೇ ಗುಡಿ ಮುಂದೆ ನಿಂತ್ಕತದೆ ಕಣವ್ವ. ಅಗಲೊತ್ತು ಓಗಿ ನೋಡ್ಕಂಡ್ ಬಾ. ಮಲಗಕ್ಕೆ ಮಾತ್ರ ಬಂದ್ಬುಡು."

ಅವ್ವ ಅಲ್ಲಿಂದಲೇ ಹಿಂದಿರುಗಿದಳು. ದಿನಾ ಹೊಸಹೊಳಲಿಗೆ ಹೋಗಿ ಸಂಜೆ ಬಸ್ಸಿಗೆ ಬಂದಳು. ಹಬ್ಬ ಕಳೆದ ಮೇಲೆ ತಾತ ತೀರಿಕೊಂಡ. ಅಪ್ಪನ ತಲೆದೆಸೆಯಲ್ಲಿ ಒಂದು ರಾತ್ರಿಯೂ ಕೂರಲಾಗಲಿಲ್ಲ ಎಂಬ ಕೊರಗು ಅವ್ವನಿಗೆ ಇತ್ತು, ದೊಡ್ಡವ್ವನ ಮುಂದೆ ಅದನ್ನು ಎಂದೂ ಆಡಲಿಲ್ಲ.

ಮರುವರ್ಷ ದೊಡ್ಡವ್ವನ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಹೆರಿಗೆಗೆ ಇನ್ನೂ ದಿನವಿತ್ತು, ಆದರೂ ಕಟ್ಟಳೆ ಕಟ್ಟಳೆಯೇ. ಸಾರು ಹಾಕುವ ಮುಂಚೆ ದೊಡ್ಡವ್ವನೇ ಅವಳನ್ನು ನಾಗಮಂಗಲಕ್ಕೆ, ಅತ್ತೆಮನೆಗೆ ಬಿಟ್ಟು ಬಂದಳು. ಹಬ್ಬ ಮುಗಿದ ಮಾರನೆಯ ದಿನವೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿದ್ದಳು. ಹಬ್ಬಕ್ಕೆ ಇನ್ನೇನು ಎರಡು ದಿನ ಎನ್ನುವಾಗ ಬೆಳಿಗ್ಗೆ ಡೇರಿಯ ಫೋನಿಗೆ ಸುದ್ದಿ ಬಂತು. ಅಕ್ಕನಿಗೆ ಆಗಲೇ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ.

ಕಾಲೇಜಿಗೆ ರಜೆ ಇದ್ದದ್ದರಿಂದ ದೊಡ್ಡವ್ವನ ಜೊತೆಗೆ ನನ್ನನ್ನು ಕಳಿಸಿದರು. ಬಸ್ಸು ಕಾಯುವಲ್ಲಿಗೆ ಅವ್ವ ಓಡಿ ಬಂದಳು.

"ಅಕ್ಕಯ್ಯ, ಇವತ್ತು ಅಲ್ಲೇ ಉಳ್ಕೊ. ಪೂಜಾರಪ್ಪಂಗೆ ನಾನ್ ಏಳ್ತೀನಿ, ಮುಡುಪು ನಾನೇ ಕಟ್ತೀನಿ."

ದೊಡ್ಡವ್ವ ಅವ್ವನ ಮುಖ ನೋಡಲಿಲ್ಲ. "ನಿಮ್ಮಪ್ಪ ಮಲಗಿದ್ದಾಗ ನಿನ್ನ ಬುಡ್ನಿಲ್ಲ ನಾನು. ಈಗ ನನ್ ಮಗ್ಳು ಅಂತ ಎಂಗವ್ವ ಕೇಳ್ಲಿ?"

"ಅದು ಆಯ್ತು ಓಯ್ತು. ನಾನೇನಾರ ಅಂದ್ನಾ?"

"ನೀನ್ ಅನ್ನಲ್ಲ. ಅದ್ಕೇ ಕೇಳಕ್ಕಾಗಲ್ಲ," ಎಂದು ದೊಡ್ಡವ್ವ ಬಸ್ಸು ಹತ್ತಿದಳು.

ಆಸ್ಪತ್ರೆಯಲ್ಲಿ ಅಕ್ಕನ ಮುಖ ಬಿಳಿಚಿಕೊಂಡಿತ್ತು. ಮಗು ತಿರುಗಿಲ್ಲ, ಕಾದು ನೋಡೋಣ ಎಂದಿದ್ದರು ಡಾಕ್ಟರು. ದೊಡ್ಡವ್ವ ಇಡೀ ದಿನ ಅವಳ ಸೊಂಟ ತಿಕ್ಕಿದಳು, ಬಿಸಿನೀರು ಕುಡಿಸಿದಳು, ನರ್ಸಮ್ಮನ ಜೊತೆ ಜಗಳವಾಡಿದಳು. ಬಿಸಿಲು ಇಳಿಯುತ್ತಿದ್ದಂತೆ ಎದ್ದು ನಿಂತಳು. ಅಕ್ಕ ಸೆರಗು ಹಿಡಿದುಕೊಂಡಳು.

"ಇವತ್ತೊಂದಿನ ಇರವ್ವ. ಭಯ ಆಯ್ತದೆ."

"ಮೊದಲ್ನೇ ಬಸ್ಸಿಗೆ ಬತ್ತೀನಿ ಮಗ. ನಿಮ್ಮತ್ತೆ ಇಲ್ಲೇ ಅವ್ರಲ್ಲ," ಎಂದಳು ದೊಡ್ಡವ್ವ. ಸೆರಗಿನಿಂದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ದೊಡ್ಡವ್ವನಿಗೆ ಎದುರು ಹೇಳಿದವರು ನಮ್ಮ ಬೀದಿಯಲ್ಲಿ ಯಾರಿದ್ದರು?

ಬಸ್ಸಿನಲ್ಲಿ ಅವಳು ಮೊದಲು ಡ್ರೈವರು ನಿಧಾನ ಓಡಿಸುತ್ತಾನೆ ಎಂದು ಬೈದಳು, ಆಮೇಲೆ ಇಷ್ಟು ಜೋರಾಗಿ ಯಾಕೆ ಓಡಿಸುತ್ತಾನೆ ಎಂದು ಬೈದಳು. ಮೇಲುಕೋಟೆ ಬೆಟ್ಟ ಕಾಣುವ ತಿರುವಿನಲ್ಲಿ ಒಮ್ಮೆ ಎದ್ದು ಕಂಬಿ ಹಿಡಿದು ನಿಂತಳು. ಇಳಿದು ವಾಪಸು ಹೋಗುತ್ತಾಳೆ ಅಂದುಕೊಂಡೆ, ನಾನೂ ಎದ್ದೆ. ಅವಳು ಸೆರಗು ಸರಿಮಾಡಿಕೊಂಡು ಮತ್ತೆ ಕೂತಳು. ಹೊತ್ತು ಮುಳುಗುವ ಮುಂಚೆ ನಾವು ಊರಿನ ಎಲ್ಲೆಯೊಳಗಿದ್ದೆವು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗಿಂತ ಮುಂಚೆ ಡೇರಿಗೆ ಫೋನು ಬಂತು. ಗಂಡುಮಗು ಹುಟ್ಟಿತ್ತು, ಉಸಿರಿರಲಿಲ್ಲ. ಯಾರು ಪಕ್ಕದಲ್ಲಿದ್ದರೂ ಮಗು ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ. ಇರಬಹುದು. ಆದರೆ ಅಕ್ಕ ಬೆಳಗಿನ ತನಕ ಅವ್ವಾ ಅವ್ವಾ ಎಂದು ಕೂಗಿದ್ದಳಂತೆ. ಆ ಮಾತಿಗೆ ಯಾವ ಡಾಕ್ಟರ ಹತ್ತಿರ ಏನಿತ್ತು...

ಕೊಟ್ಟ ಹೆಣ್ಣಿನ ಮನೆಯ ಸೂತಕ ತವರಿಗೆ ತಟ್ಟುವುದಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಹಬ್ಬದ ದಿನ ದೊಡ್ಡವ್ವ ಪ್ರತಿ ವರ್ಷದಂತೆ ತಲೆಯ ಮೇಲೆ ತಂಬಿಟ್ಟಿನ ಆರತಿ ಹೊತ್ತು ನಡೆದಳು. ಯಾರ ಮುಖವನ್ನೂ ನೋಡಲಿಲ್ಲ. ಅವತ್ತು ಅವಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ. ಅವಳ ಪಕ್ಕದಲ್ಲೇ ನಡೆಯುತ್ತಿದ್ದ ನಮ್ಮವ್ವ ದಾರಿಯುದ್ದಕ್ಕೂ ಅಳುತ್ತಿದ್ದಳು. ಮುಂದಿನ ವರ್ಷದಿಂದ ದೊಡ್ಡವ್ವ ಬೀದಿಯಲ್ಲಿ ನಿಂತು ಮೂಗೆತ್ತಲಿಲ್ಲ. ಯಾರ ಮನೆಯಲ್ಲಿ ಸಾಸಿವೆ ಸಿಡಿದರೂ ಕೇಳಿಸದವಳ ಹಾಗೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು.

ಅಕ್ಕ ಮತ್ತೆ ತವರಿಗೆ ಬರಲಿಲ್ಲ. ಮುಂದೆ ಅವಳಿಗೆ ಮಕ್ಕಳಾದವು, ಬಾಣಂತನವೆಲ್ಲ ನಾಗಮಂಗಲದಲ್ಲೇ ಆಯಿತು. ದೊಡ್ಡವ್ವನೇ ತುಪ್ಪ, ಹುರಳಿಕಾಳು, ರಾಗಿಹಿಟ್ಟು ಹೊತ್ತುಕೊಂಡು ಹೋಗಿ ಬರುತ್ತಿದ್ದಳು. ಅಕ್ಕ ಮಾತು ಬಿಟ್ಟಿರಲಿಲ್ಲ. ಕೋಳಿ ಕೊಯ್ದು ಊಟ ಹಾಕುತ್ತಿದ್ದಳು, ತಲೆ ಬಾಚುತ್ತಿದ್ದಳು, ಎಲೆ ಅಡಿಕೆ ಕೊಡುತ್ತಿದ್ದಳು. ಬಿಸಿಲು ಇಳಿದರೆ ಮಾತ್ರ, "ಬಸ್ಸಿಗೊತ್ತಾಯ್ತು ಕಣವ್ವ, ಒರಡು" ಎನ್ನುತ್ತಿದ್ದಳು. ಹಬ್ಬವಿರಲಿ ಇಲ್ಲದಿರಲಿ, ಯಾವ ಕಾಲದಲ್ಲೂ ಅದೇ ಮಾತು.

ಮದುವೆಯಾಗಿ ಊರು ಬಿಟ್ಟ ಮೇಲೆ ಒಂದು ಸಲ ಪಾಂಡವಪುರದ ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡವ್ವ ಸಿಕ್ಕಿದಳು. ನಾಗಮಂಗಲದಿಂದ ವಾಪಸು ಬರುತ್ತಿದ್ದಳು. ಬರಿಗೈಲಿ ಬರಬೇಕಾದವಳ ಚೀಲ ಉಬ್ಬಿತ್ತು. ಏನದು ಎಂದು ಕೇಳಿದೆ.

"ಒಂದ್ ಸೀರೆ ಮಡಿಸ್ಕಂಡೇ ಓಗ್ತೀನಿ ಕಣ್ ಮಗ. ಇರವ್ವ ಅಂತ ಅವ್ಳು ಒಂದ್ಸಲ ಅಂದ್ರೆ ಬೆಳಿಗ್ಗೆ ಉಟ್ಕಳಣ ಅಂತ."

"ನೀನೇ ಇರ್ತೀನಿ ಅನ್ನು ದೊಡ್ಡವ್ವ. ಮಗಳ ಮನೆ ತಾನೆ?"

"ಯಾವ್ ಮಕ ಇಟ್ಕಂಡ್ ಅನ್ಲಿ?" ಎಂದು ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಹೋದ ಮಳೆಗಾಲದಲ್ಲಿ ದೊಡ್ಡವ್ವ ತನ್ನ ಮನೆಯಲ್ಲೇ, ನಿದ್ದೆಯಲ್ಲೇ ಹೋದಳು. ಅಷ್ಟು ವರ್ಷಗಳ ಮೇಲೆ ಮೊದಲ ಸಲ ಅಕ್ಕ ಊರಿಗೆ, ಮಣ್ಣಿಗೆ ಬಂದಿದ್ದಳು. ಕತ್ತಲಾಗುವ ಮುಂಚೆ ಹೊರಟುಹೋದಳು.

ಮೊನ್ನೆಯ ವಾಟ್ಸಾಪ್ ಸುದ್ದಿಯಲ್ಲಿ ಕೊನೆಗೆ ಇನ್ನೊಂದು ಸಾಲಿತ್ತು. ಡ್ಯೂಟಿ ಇರುವವರು ಈ ವರ್ಷದಿಂದ ರಾತ್ರಿ ಹೊರಗೆ ತಂಗಬಹುದು, ಗುಡಿಗೆ ಒಂದು ತೆಂಗಿನಕಾಯಿ ಕೊಟ್ಟರೆ ಸಾಕು ಎಂದು ಕಮಿಟಿಯವರು ಬರೆದಿದ್ದರು. ಕೆಳಗೆ ಸಾಲುಸಾಲು ಹೆಬ್ಬೆರಳು. ತಪ್ಪೇನಿಲ್ಲ, ಫ್ಯಾಕ್ಟರಿಗೆ ಹೋಗುವ ಹುಡುಗರು ಏನು ಮಾಡಿಯಾರು? ಆದರೂ, ಒಂದು ತೆಂಗಿನಕಾಯಿ... ತಡೆಯಲಾಗದೆ ಅಕ್ಕನಿಗೆ ಫೋನು ಮಾಡಿ ಹೇಳಿದೆ.

"ನಮ್ಮವ್ವ ಇದ್ದಿದ್ರೆ ಕಮಿಟಿಯೋರ್ ಮನೆ ಮುಂದೆ ನಿಂತ್ಕಂಡು ಉಗೀತಿದ್ಲು ಬುಡು," ಎಂದು ಅಕ್ಕ ನಕ್ಕಳು. ಮತ್ತೆ ಮಾತಾಡಿದಾಗ ಅವಳ ದನಿ ಬೇರೆಯಾಗಿತ್ತು.

"ಅವ್ಳ ಚೀಲದಲ್ಲಿ ಒಂದ್ ಸೀರೆ ಇರ್ತಿತ್ತು. ನಾನು ನೋಡ್ತಿದ್ದೆ ಕಣೆ. ಇವತ್ತು ತೆಗ್ದು ಗೂಟಕ್ಕೆ ಆಕ್ತಾಳೆ, ಇವತ್ತು ಆಕ್ತಾಳೆ ಅಂತ ಬಂದಾಗ್ಲೆಲ್ಲ ಕಾಯ್ತಿದ್ದೆ. ಒಂದ್ಸಲ ಕೇಳಿ ಇಲ್ಲ ಅನ್ನುಸ್ಕಂಡೋಳು ನಾನು. ಇನ್ನೊಂದ್ಸಲ ಎಂಗೆ ಕೇಳ್ಲಿ?"

ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡವ್ವ ಆಡಿದ ಮಾತು ನನಗೆ ಗೊತ್ತಿತ್ತು, ಅಕ್ಕನ ಈ ಮಾತು ಕೇಳಬೇಕಾದ ದೊಡ್ಡವ್ವ ಇರಲಿಲ್ಲ. ಅಕ್ಕ ಮೂಗೊರೆಸಿಕೊಳ್ಳುವ ಸದ್ದು ಕೇಳಿಸುತ್ತಿತ್ತು. ಇಬ್ಬರೂ ಫೋನು ಇಡಲಿಲ್ಲ.