ಎಡಕ್ಕೆ ವಾಲಿದ ಹಕ್ಕಿ

ವಿಜ್ಞಾನ ಸಂಗ್ರಹಾಲಯದ ದುಂಡನೆಯ ಕೋಣೆಯಲ್ಲಿ ಒಂಬತ್ತು ವರ್ಷದಿಂದ ಹಾರುತ್ತಿದ್ದವಳನ್ನು ಮಕ್ಕಳೆಲ್ಲ ‘ಹಕ್ಕಿ ಅಕ್ಕ’ ಎಂದೇ ಕರೆಯುತ್ತಿದ್ದರು. ಅಲ್ಲಿ ಸುತ್ತಲಿನ ಗೋಡೆಯೇ ಪರದೆ. ನೆಲದ ಬಿಳಿ ವೃತ್ತದಲ್ಲಿ ನಿಂತು ರೆಕ್ಕೆಯಂತೆ ಕೈ ಬಡಿದರೆ ಸಾಕು, ಮೇಲಿನ ಕ್ಯಾಮೆರಾ ಅದನ್ನು ಗುರುತಿಸಿ ಪರದೆಯೊಳಗಿನ ಕಣಿವೆಯ ಮೇಲೆ ಹಕ್ಕಿಯನ್ನು ಹಾರಿಸುತ್ತಿತ್ತು. ಯಾವ ಕೈ ತಗ್ಗಿತೋ ಹಕ್ಕಿ ಆ ಕಡೆ ತಿರುಗುತ್ತಿತ್ತು. ಬಂದವರಿಗೆ ಇದನ್ನು ಕಲಿಸುವುದೇ ಅವಳ ಕೆಲಸ.

ಒಂದು ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಎಂದಿನಂತೆ ಪರೀಕ್ಷೆಗೆಂದು ಹಾರಿದಾಗ ಹಕ್ಕಿ ಎಡಕ್ಕೆ ವಾಲಿತು. ಮರುದಿನವೂ ಅದೇ ಕತೆ. ಮೆಕ್ಯಾನಿಕ್ ಬಂದು ತಾನೇ ಹಾರಿ ನೋಡಿದ. ಹಕ್ಕಿ ಗೆರೆ ಎಳೆದಂತೆ ನೆಟ್ಟಗೆ ಹೋಯಿತು.

“ಮಿಷನ್ನಿಗೆ ಏನೂ ಆಗಿಲ್ಲಕ್ಕ. ನಿಮ್ಮ ಎಡಗೈ ಪೂರ್ತಿ ಏಳ್ತಿಲ್ಲ. ನೋವಿದೆಯಾ?”

“ಇಲ್ವಲ್ಲ,” ಎಂದಳು. ದರ್ಜಿಯಾಗಿದ್ದ ಅವಳ ಅಪ್ಪನಿಗೂ ಮೊದಮೊದಲು ನೋವಿರಲಿಲ್ಲ. ನಡೆಯುವಾಗ ಒಂದು ಕೈ ಬೀಸುವುದು ನಿಂತಿತ್ತು, ಅಷ್ಟೇ. ಆಮೇಲೆ ಸೂಜಿಗೆ ದಾರ ಪೋಣಿಸಲಾಗದೆ ಹೋಯಿತು. ಕೊನೆಯ ಆರು ವರ್ಷ ಇವಳೂ ತಮ್ಮನೂ ಸರದಿಯ ಮೇಲೆ ಅಪ್ಪನಿಗೆ ತುತ್ತು ತಿನ್ನಿಸಿ, ಮಗ್ಗುಲು ಬದಲಿಸಿದ್ದರು.

ಡಾಕ್ಟರು ಸುತ್ತುಬಳಸದೆ ಹೇಳಿದರು: ಅದೇ ಕಾಯಿಲೆ. ಅವಳು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಬಲಗೈಯನ್ನೂ ಅಷ್ಟೇ ತಗ್ಗಿಸಿ ಹಕ್ಕಿಯನ್ನು ನೆಟ್ಟಗೆ ಹಾರಿಸುವುದನ್ನು ರೂಢಿ ಮಾಡಿಕೊಂಡಳು. ಹತ್ತು ತಿಂಗಳು ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ದಿನ ಶಾಲೆಯ ಮಕ್ಕಳ ಎದುರು ಅವಳ ಮೈ ಇದ್ದಕ್ಕಿದ್ದಂತೆ ಮರಗಟ್ಟಿತು. ಹಕ್ಕಿ ಬಂಡೆಗೆ ಅಪ್ಪಳಿಸಿತು. ಮಕ್ಕಳು ಆಟವೆಂದುಕೊಂಡು ಹೋ ಎಂದು ಚಪ್ಪಾಳೆ ತಟ್ಟಿದರು.

“ಇನ್ನೊಂದ್ಸಲ ಬೀಳ್ಸಿ, ಹಕ್ಕಿ ಅಕ್ಕ!”

ಅವಳು ನಗಲು ನೋಡಿದಳು, ಆಗಲಿಲ್ಲ. ಕಾಲೂ ಕಿತ್ತು ಬರಲಿಲ್ಲ. ಕೊನೆಗೆ ಅವರ ಟೀಚರೇ ಬಂದು ಮೊಣಕೈ ಹಿಡಿದು ವೃತ್ತದಿಂದ ಆಚೆ ಕರೆತಂದರು.

ಮ್ಯಾನೇಜರು ಅವಳನ್ನು ಚಪ್ಪಲಿ ಕಾಯುವ ಕೌಂಟರಿಗೆ ಹಾಕಿದರು. ಹೋಗುವ ಮುನ್ನ ಹೊಸ ಹುಡುಗಿಗೆ ಕೆಲಸ ಕಲಿಸಬೇಕಿತ್ತು. ಆ ಹುಡುಗಿ ಇವಳನ್ನೇ ನೋಡಿ ಎರಡೂ ಕೈ ತಗ್ಗಿಸಿ ಹಾರಿದಳು.

“ಪೂರ್ತಿ ಎತ್ತಮ್ಮ.”

“ನೀವು ಎತ್ತಲ್ವಲ್ಲ ಅಕ್ಕ?”

“ನನ್ನ ನೋಡ್ಬೇಡ. ನಾನು ಹೇಳಿದ್ದು ಮಾಡು,” ಎಂದಳು, ತುಸು ಗಡುಸಾಗಿಯೇ.

ಅಂದು ಸಂಜೆ ತಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ಅಪ್ಪನ ಥರಾನೇನಾ?” ಎಂದ.

“ಹೂಂ. ಆದ್ರೆ ಆಗ ನಾವಿಬ್ರಿದ್ವಿ. ಈಗ ನೀನೊಬ್ನೇ ಕಣೋ.”

“ಗೊತ್ತು.”

ಇಬ್ಬರಿಗೂ ಫೋನ್ ಇಡಲು ಮನಸ್ಸಾಗಲಿಲ್ಲ.