ಗಿರಿಜತ್ತಿಗೆ ಕಲಿಸಿದ ಇಂಗ್ಲಿಷ್

ಕಾಯ್ದ ಶೇಂಗಾ ಎಣ್ಣೆಗೆ ಮೊದಲ ಚಕ್ಕಲಿ ಇಳಿದಾಗ ಏಳುವ ಘಮವನ್ನು ನೀವೂ ಎಲ್ಲೋ ಬಿಟ್ಟು ಬಂದಿರುತ್ತೀರಿ. ನನಗಂತೂ ಆ ಘಮದ ಬೆನ್ನಿಗೇ ಅಕ್ಕಿಆಲೂರಿನ ನಮ್ಮ ಮನೆ, ಹೊಗೆಗೆ ಕಪ್ಪಾದ ಅಡುಗೆಮನೆ, ಒಲೆಯ ಮುಂದೆ ಕೂತ ಗಿರಿಜತ್ತಿ ಕಣ್ಣ ಮುಂದೆ ಬರುತ್ತಾಳೆ. ಅವಳು ಅಪ್ಪನ ತಂಗಿ. ಗಂಡ ಬಿಟ್ಟ ಮೇಲೆ ತವರಿಗೆ ಬಂದವಳು. ಇಡೀ ಮನೆಗೆ ಬೇಯಿಸಿ ಹಾಕಿದರೂ ಅವಳು ಮಲಗುತ್ತಿದ್ದದ್ದು ಕಾಳಿನ ಚೀಲಗಳ ನಡುವೆ. ನನ್ನ ತಲೆ ಬಾಚಿ, ಕೈತುತ್ತು ಹಾಕಿ ಬೆಳೆಸಿದವಳೂ ಅವಳೇ.

ನಾನು ಆರನೆಯ ತರಗತಿಯಲ್ಲಿದ್ದಾಗ ಶಿಗ್ಗಾಂವಿ ಕಡೆಯ ಒಂದು ವಸತಿ ಶಾಲೆಗೆ ಅಡುಗೆಯವರು ಬೇಕಾಗಿದ್ದರು. ಇರಲು ಸ್ವಂತ ಖೋಲಿಯನ್ನೂ ಕೊಡುತ್ತಾರೆಂಬ ಸುದ್ದಿ ಬಂತು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಹೊರರಾಜ್ಯದವರು, ಕನ್ನಡ ಬಾರದು. ಅತ್ತಿ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಪೆನ್ಸಿಲು ಹಿಡಿದು ನನ್ನ ಪಕ್ಕ ಕೂತಳು. ಹುರಿಯುವುದು ರೋಸ್ಟ್, ಬೇಯಿಸುವುದು ಬಾಯ್ಲ್, ಕರಿಯುವುದು ಡೀಪ್ ಫ್ರೈ ಎಂದು ಕನ್ನಡ ಅಕ್ಷರದಲ್ಲೇ ಬರೆದುಕೊಂಡು, ಹಿಟ್ಟು ನಾದುತ್ತ ಬಾಯಿಪಾಠ ಮಾಡುತ್ತಿದ್ದಳು. ಆ ಖೋಲಿಗೆ ಒಳಗಿನಿಂದ ಚಿಲಕವಿದೆಯಂತೆ ಎಂದು ಒಂದು ದಿನ ಅವಳು ನಗುತ್ತ ಹೇಳಿದಾಗಲೇ, ನನ್ನನ್ನು ಬಿಟ್ಟು ಹೋಗುತ್ತಾಳೆಂಬುದು ನನಗೆ ಹೊಳೆದದ್ದು. ಮರುದಿನ ಅವಳು ಗರಿಗರಿ ಅನ್ನುವುದಕ್ಕೆ, ತಾಜಾ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಕೇಳಿದಳು. ಒಂದಕ್ಕೆ ಬರ್ನ್ಟ್, ಇನ್ನೊಂದಕ್ಕೆ ಸ್ಟೇಲ್ ಎಂದು ಬರೆಸಿದೆ. ಸೀದದ್ದು, ಹಳಸಿದ್ದು ಎಂಬ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು.

ಅವಳು ಕೆಲಸ ಕೇಳಲು ಆ ಶಾಲೆಗೆ ಹೋದಾಗ ಜೊತೆಗೆ ನಾನೂ ಹೋಗಿದ್ದೆ. ಚಕ್ಕಲಿಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, ತಾನು ಮಾಡಿದ್ದೆಲ್ಲ ಬರ್ನ್ಟ್, ದಿನಾಲೂ ಸ್ಟೇಲ್ ಎಂದು ಅತ್ತಿ ಅಭಿಮಾನದಿಂದ ಹೇಳಿದಳು. ಅಲ್ಲಿದ್ದವರೆಲ್ಲ ನಕ್ಕರು. ಒಂದು ಚೂರನ್ನೂ ಬಾಯಿಗಿಡದೆ ಮುಖ್ಯೋಪಾಧ್ಯಾಯಿನಿ ಡಬ್ಬಿಯನ್ನು ಇತ್ತ ತಳ್ಳಿದರು. ಹೊರಗೆ ಬಂದ ಮೇಲೆ ಶಾಲೆಯ ಗುಮಾಸ್ತ ಅರ್ಥ ಬಿಡಿಸಿ ಹೇಳಿದ. ಅತ್ತಿ ನನ್ನ ಮುಖವನ್ನು ಒಮ್ಮೆ ನೋಡಿದಳು, ಅಷ್ಟೇ. ಮನೆಯಲ್ಲಿ ಅವ್ವ ಕೇಳಿದರೆ, "ನನ್ನ ತಲಿಗೆ ಇಂಗ್ಲಿಷ್ ಹತ್ತಂಗಿಲ್ಲ ಬಿಡ್ರಿ ವೈನಿ" ಎಂದಳು. ಸುದ್ದಿ ಹೇಗೋ ಊರು ಸೇರಿತು. ಆಮೇಲೆ ಬಂದ ಅತಿಥಿಗಳ ಮುಂದೆಲ್ಲ ಅವ್ವ ಅವಳಿಂದ ಆ ಮಾತು ಹೇಳಿಸುವಳು. ಕೈಯಲ್ಲಿ ತಾಟು ಹಿಡಿದೇ ಅತ್ತಿ ಹೇಳುವಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನು. ನನ್ನ ತಲೆ ಬಾಚುವುದನ್ನು ಮಾತ್ರ ಅವಳು ಅಂದೇ ಬಿಟ್ಟಿದ್ದಳು.

ಹೋದ ವರ್ಷ ಅವಳು ಹಾಸಿಗೆ ಹಿಡಿದಾಗ ಹೋಗಿ, ಎಲ್ಲವನ್ನೂ ಒಪ್ಪಿಕೊಂಡೆ.

"ಅವತ್ತ ಗೊತ್ತಾಗಿತ್ತು. ಈಗ ನಿನ್ನ ಎದಿ ಹಗುರ ಆಗ್ಲಿ ಅಂತ ಹೇಳಾಕ ಬಂದಿ. ನಾ ಏನ್ ಮಾಡ್ಲಿ ಅದನ್ನ ತಗೊಂಡು?"

ಅಷ್ಟು ಹೇಳಿ ಅವಳು ಗೋಡೆಯ ಕಡೆ ಹೊರಳಿದಳು. ಸಂಜೆಯವರೆಗೆ ಕೂತಿದ್ದೆ, ಅವಳು ಮತ್ತೆ ಇತ್ತ ತಿರುಗಲಿಲ್ಲ. ಎಂಟು ದಿನಕ್ಕೆ ತೀರಿಕೊಂಡಳು. ಅಪ್ಪ, ಅವ್ವ ಮೊದಲೇ ಹೋಗಿದ್ದರು, ಅವಳ ನಂತರ ಮನೆಯೂ ಬಿತ್ತು. ಈಗ ಗಿರಿಜತ್ತಿಯನ್ನು ನೆನೆಯಲು ಉಳಿದವಳು ನಾನೊಬ್ಬಳೇ. ಅವಳಿಗೆ ಬೇರೆ ಯಾರೂ ಉಳಿಯಲಿಲ್ಲ.