ಮಡಹಾಗಲ ಗಡ್ಡೆಯ ಬಾಕಿ

ಖಾಸಬಾಗದ ಕಾಶವ್ವ ಖಾನಾಪುರದ ಭರಮವ್ವನಿಗೆ ಆರು ಮಡಹಾಗಲ ಗಡ್ಡೆ ಕೊಡುವುದು ಇನ್ನೂ ಬಾಕಿ ಇದೆ. ಭರಮವ್ವ ಬೀಜಕ್ಕೆ ರೊಕ್ಕ ಮುಟ್ಟುವವಳಲ್ಲ. ಮೂರು ಒಯ್ದರೆ ಮುಂದಿನ ಮಳೆಗೆ ಆರು ತಿರುಗಿಸಬೇಕು. ತಪ್ಪಿದವರಿಗೆ ಅವಳ ಬುಟ್ಟಿಯಿಂದ ಮತ್ತೆ ಒಂದು ಕಾಳೂ ಸಿಗುವುದಿಲ್ಲ.

ಕಾಶವ್ವ ಮಗ್ಗದ ಕೂಲಿಯವಳು. ಬೋನಸ್ಸಿನ ಧರಣಿಯಲ್ಲಿ ಅವಳು "ದುಡಿಯದವನಿಗೆ ಕೂಳಿಲ್ಲ" ಎಂದು ಕೂಗಿದರೆ ಮಾಲಕನ ನಾಯಿಯೂ ಬಾಲ ಮುದುಡುತ್ತಿತ್ತು. ೧೯೯೯ರ ಬೇಸಿಗೆಯಲ್ಲಿ ಹಿತ್ತಲಿಗೆ ಏನು ಹಚ್ಚೋಣವೆಂಬ ಮಾತು ಬಂದಾಗ ಗಂಡ ಗುರುಪುತ್ರಪ್ಪ ಹೂಕೋಸು ಎಂದ.

"ಅದು ಸಂತ್ಯಾಗ ರಾಶಿ ಬಿದ್ದೈತಿ. ಸಿಗಲಾರದ್ದು ಹಚ್ಚೂಣು" ಎಂದು ಅವಳು ಸಂತೆಗೆ ಬಂದಿದ್ದ ಭರಮವ್ವನ ಬುಟ್ಟಿಯ ಮುಂದೆ ಕುಳಿತಳು.

"ಕತ್ತಿ ಅವರಿ ಒಯ್ತಿಯೇನಕ್ಕಾ?"

"ನಮ್ಮನಿಯವರಿಗೆ ಹಲ್ಲಿಲ್ಲ."

"ಕಾಡುಗೆಣಸು?"

"ನೆಲಾ ಅಗದು ತಗೀಬೇಕು. ಅವರು ಕುಂತಲ್ಲಿಂದ ಏಳಂಗಿಲ್ಲ."

ಕೊನೆಗೆ ಮೂರು ಮಡಹಾಗಲ ಗಡ್ಡೆ ಉಡಿಗೆ ಬಿದ್ದವು.

ಮಳೆ ಹಿಡಿಯಿತು, ಬಳ್ಳಿ ಚಪ್ಪರ ಏರಿದವು. ಎರಡು ಬಳ್ಳಿಗಳ ಹೂವಿನ ಬುಡದಲ್ಲಿ ಮುಳ್ಳುಮುಳ್ಳಾದ ಮಿಡಿ ಕಂಡಿತು. ಮೂರನೆಯದರಲ್ಲಿ ಬರೀ ಹೂವು. ಕಾಶವ್ವ ಅದನ್ನು ಗಡ್ಡೆ ಸಮೇತ ಕಿತ್ತು ಒಗೆದಳು.

"ನೀರು ಕುಡಿತೈತಿ, ಚಪ್ಪರ ತುಂಬ ಮಲಗತೈತಿ, ಹೂವಿನ ಸೊಕ್ಕು ಬ್ಯಾರೆ."

ಗುರುಪುತ್ರಪ್ಪ ಪೇಪರು ಇಳಿಸಿದ. "ನನಗ ಅಂದೇನ?"

"ಬಳ್ಳಿಗೆ ಅಂದೆ. ನಿಮಗ ಬಡದ್ರ ನಾ ಏನ್ ಮಾಡ್ಲಿ?"

ವಾರ ಕಳೆಯುವಷ್ಟರಲ್ಲಿ ಮಿಡಿಗಳು ಹಳದಿಯಾಗಿ ಉದುರತೊಡಗಿದವು. ತಿಂಗಳ ಮೇಲೆ ಭರಮವ್ವ ಬಂದು ನೋಡಿದವಳೇ ಕಟ್ಟೆಗೆ ಕುಸಿದು ನಕ್ಕಳು.

"ಅಕ್ಕಾ, ಗಂಡನ್ನ ಕಿತ್ತ ಒಗದೀಯಲ್ಲ. ಇವೆರಡೂ ಹೆಣ್ಣು. ಅವನ ಹೂವಿನ ಪುಡಿ ಮುಟ್ಟದ ಕಾಯಿ ನಿಲ್ಲಂಗಿಲ್ಲ."

"ಮೊದಲ ಹೇಳಬಾರದೇನ?"

"ಗಂಡನ್ನ ಇಟಗೋಬೇಕಂತ ಯಾರಿಗರ ಹೇಳಿಕೊಡತಾರೇನು?"

ಕಾಶವ್ವ ಬೆರಳು ಮಡಚಿ ಲೆಕ್ಕ ಹಾಕಿದಳು. ಕಾಯಿಯೂ ಇಲ್ಲ, ಒಂದು ಗಡ್ಡೆಯೂ ಹೋಯಿತು, ಸಾಲ ಯಾವುದರಿಂದ ತೀರಿಸುವುದು? ಆಗ ಗುರುಪುತ್ರಪ್ಪ ಕೆಮ್ಮಿ, ಬಚ್ಚಲಮನೆಯ ಹಿಂದಕ್ಕೆ ಕೈ ತೋರಿಸಿದ. ಬಚ್ಚಲ ನೀರು ಕುಡಿದು ಗೋಡೆ ಹತ್ತಿದ್ದ ಬಳ್ಳಿಯ ತುಂಬ ಹಳದಿ ಹೂವು.

"ಕುಂತು ಉಣ್ಣೂವನು ಅಂತ ಹೊರಗ ಹಾಕಿದಿ. ನನಗ ಕರಳು ಚುರ್ ಅಂತು. ಒಯ್ದು ಹುಗದೆ. ನಾಳಿ ನನ್ನ ಪಾಳಿನೂ ಬರಬಹುದಿತ್ತಲ್ಲ."

ಅಂದಿನಿಂದ ಕಾಶವ್ವ ಆ ಗಂಡು ಹೂವು ಕಿತ್ತು ತಂದು ಚಪ್ಪರದ ಹೆಣ್ಣು ಹೂವಿಗೆ ಮುಟ್ಟಿಸಿದಳು, ಮಿಡಿ ನಿಂತವು. ಆ ಮಳೆಗಾಲದಲ್ಲಿ ಕಾಶವ್ವನ ಒಗ್ಗರಣೆಯ ವಾಸನೆಗೆ ಓಣಿಯೇ ಬಂದು ಕುಳಿತಿತು. ಗುರುಪುತ್ರಪ್ಪನಿಗೆ ಎರಡನೇ ಸಲ ಪಲ್ಯ ಕೇಳದೆಯೇ ಬಿತ್ತು.

ಮರುಬೇಸಿಗೆಗೆ ನೆಲದೊಳಗೆ ಗಡ್ಡೆ ಮರಿ ಹಾಕಿದ್ದವು. ಭರಮವ್ವ ಬರುವ ಮುಂಚೆಯೇ ಹಿಂದವಾಡಿಯಿಂದ, ಕ್ಯಾಂಪಿನಿಂದ ಜನ ಬಂದು ಅದೇ ಕರಾರಿಗೆ ಒಯ್ದರು. ಇಲ್ಲ ಅನ್ನಲು ಕಾಶವ್ವನಿಗೆ ಬರಲಿಲ್ಲ. ಬಂದವರಿಗೆಲ್ಲ ಗಂಡು ಹೆಣ್ಣು ಜೋಡಿ ನೋಡಿ ಕೊಟ್ಟಳು, ತನಗೆ ಒಂದೂ ಉಳಿಸಿಕೊಳ್ಳಲಿಲ್ಲ. ಮುಂದಿನ ಮಳೆಯೂ ಬಂದು ಹೋಯಿತು, ಒಬ್ಬರೂ ತಿರುಗಿಸಲಿಲ್ಲ. ಈಗ ಭರಮವ್ವ ಬುಟ್ಟಿ ಹೊತ್ತು ಕಾಶವ್ವನ ಬಾಗಿಲಲ್ಲಿ ನಿಲ್ಲದೆ ದಾಟಿ ಹೋಗುತ್ತಾಳೆ.

ಗಡ್ಡೆ ಒಯ್ದವರೇ, ಆ ಬಳ್ಳಿ ನಿಮ್ಮ ಹಿತ್ತಲಲ್ಲಿದೆ. ಅದರ ಪಲ್ಯ ಉಂಡ ಕೈಯನ್ನು ನೀವು ತೊಳೆದೂ ಆಯಿತು. ಈ ಮಳೆ ಬೀಳುವ ಮುಂಚೆ ಅಗೆದು, ಒಯ್ದದ್ದರ ದುಪ್ಪಟ್ಟು ಕಾಶವ್ವನ ಕಟ್ಟೆಗೆ ತಂದಿಡಿ. ಗಂಡು ಗಡ್ಡೆ ಬಿಟ್ಟು ಬರಬೇಡಿ.